ಮಗ್ಗುಲು ಬದಲಿಸಿದ ಹಾಡು

ಹಾಡಿನ ಉದ್ದವನ್ನು ಒಂದು ಕಾಲದಲ್ಲಿ ಪ್ಲೇಟೇ ಗೊತ್ತುಮಾಡುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕೂತ ಗೌಹರ್ ಜಾನ್, ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಅಷ್ಟರೊಳಗೆ ಮಡಚಿಟ್ಟು, ಕೊನೆಗೆ ತಮ್ಮ ಹೆಸರನ್ನೂ ಸಾರಿ ಮುಗಿಸುತ್ತಿದ್ದರು. ಅದೇ ಗೌಹರ್ ಜಾನ್ ಕಡೆಗಾಲಕ್ಕೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು.

ನಮ್ಮ ತಲೆಮಾರಿನ ಪಾಲಿಗೆ ಬಂದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಇದನ್ನು ಹೊರತಂದದ್ದು 1963ರಲ್ಲಾದರೂ ಕರಾವಳಿಯ ನಮ್ಮ ಮನೆಗಳಿಗೆ ಬರುವಾಗ ಎಂಬತ್ತರ ದಶಕ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಎಂಬ ಧ್ವನಿಸುರುಳಿಯಾಗಿದ್ದವು. ಆ ಬಳಿಕ ಭಾವಗೀತೆ ಅಡುಗೆಮನೆಗೂ ಬಂತು. ನಾದದ ಗುಣದಲ್ಲಿ ಎಲ್‌ಪಿ ತಟ್ಟೆಯ ಮುಂದೆ ಕ್ಯಾಸೆಟ್ ಏನೂ ಅಲ್ಲ, ಒಪ್ಪಿದೆ. ಆದರೆ ಟೇಪ್ ರೆಕಾರ್ಡರಿಗೆ ಒಂದು ಕೆಂಪು ಗುಂಡಿ ಇತ್ತು. ಅದನ್ನು ಒತ್ತಿದರೆ ನಾವೇ ಕಂಪನಿ.

ಯಕ್ಷಗಾನ ತಾಳಮದ್ದಳೆಯ ಮುಂದಿನ ಸಾಲಿನಲ್ಲಿ ಕೂತವರ ತೊಡೆಯ ಮೇಲೆಲ್ಲ ಟೇಪ್ ರೆಕಾರ್ಡರ್. ಸಿ-90 ಹಾಕಿದರೆ ಮಗ್ಗುಲಿಗೆ 45 ನಿಮಿಷ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ ಮಾತಿನ ತುದಿಗೇರಿದ ಹೊತ್ತಿಗೇ ‘ಟಕ್’ ಎಂದು ಗುಂಡಿ ಮೇಲೇಳಬೇಕೆ! 1990ರಲ್ಲಿ ಎಳೆ ವಯಸ್ಸಿಗೇ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಪದಗಳನ್ನು, ಅವರನ್ನು ಕಂಡೇ ಇರದವರು ಇಂದು ಗುನುಗುತ್ತಿದ್ದರೆ ಅದಕ್ಕೆ ಈ ಡಬ್ಬಿಗಳೂ ಕಾರಣ.

ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಚಕ್ಕೆಗಳನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದು. ಆ ತೂತಿಗೆ ಕಾಗದ ತುರುಕಿದರೆ ಮತ್ತೆ ಆಗುತ್ತದೆ. ಹೀಗೆ ಎಷ್ಟು ಸುಪ್ರಭಾತಗಳು ಸಿನಿಮಾ ಹಾಡುಗಳಾದವೋ, ದೇವರಿಗೇ ಗೊತ್ತು.

ಬೇಡದ ಹಾಡನ್ನು ದಾಟುವುದು ಮಾತ್ರ ಕಷ್ಟ. ಮುಂದಕ್ಕೆ ಓಡಿಸಿದರೆ ಇನ್ನೊಂದರ ನಡುವಿಗೆ ಹೋಗಿ ನಿಲ್ಲುತ್ತಿತ್ತು. ಹಿಂದಕ್ಕೆ ಸುತ್ತುವಷ್ಟರಲ್ಲಿ ಸೆಲ್ಲು ಸೊರಗಿ ಗಾಯಕರ ದನಿ ಗೊಗ್ಗರಾಗುತ್ತಿತ್ತು. ಹಾಗಾಗಿ ಇಷ್ಟವಿಲ್ಲದ್ದನ್ನೂ ಕೇಳಿದೆವು, ಕೇಳಿ ಕೇಳಿ ಇಷ್ಟವೂ ಆಯಿತು. ಇವತ್ತಿಗೂ ಬಸ್ಸಿನಲ್ಲಿ ‘ಪ್ರೇಮಲೋಕ’ದ ಒಂದು ಹಾಡು ಮುಗಿದರೆ, ಕ್ಯಾಸೆಟ್ಟಿನಲ್ಲಿ ಅದರ ಬೆನ್ನಿಗಿದ್ದ ಹಾಡು ಕಿವಿಯೊಳಗೆ ತಾನೇ ಶುರುವಾಗುತ್ತದೆ. ಸ್ಪೀಕರಿನಲ್ಲಿ ಬೇರೇನೋ ಬಂದರೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ.

ಆಮೇಲಿನದ್ದೆಲ್ಲ ಓಟ. ಸಿಡಿ ಬಂತು, ಗೀರು ಬಿತ್ತು. ಎಂಪಿ3 ಬಂದು ಒಂದೇ ಸಿಡಿಯೊಳಗೆ ನೂರಕ್ಕೂ ಹೆಚ್ಚು ಹಾಡು ತೂರಿಕೊಂಡವು. ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಟ್ಟರು. ಅಗ್ಗವಾಗಿ, ಹೇರಳವಾಗಿ ಸಿಕ್ಕಿತು, ಸಂತೋಷ; ಇವುಗಳ ಬಗ್ಗೆ ನನಗೆ ಅಂಥ ಹಂಬಲವೇನಿಲ್ಲ. ಕ್ಯಾಸೆಟ್ಟಿನೊಳಗಿನ ಮಡಚಿದ ಹಾಳೆಯಲ್ಲಿ ಕವಿ ಯಾರು, ಹಾಡಿದವರು ಯಾರು ಎಂದು ಓದಿಕೊಂಡೇ ಬೆಳೆದವರು ನಾವು. ಮೆಮೊರಿ ಕಾರ್ಡಿನಲ್ಲಿ ಅದೇ ಹಾಡು ‘ಟ್ರ್ಯಾಕ್ 07’ ಎಂಬ ಅನಾಥ.

ಈಗ ಹಳೆಯ ಸಿ-90ಗಳನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕುವ ಪುಣ್ಯಾತ್ಮರಿದ್ದಾರೆ. ಟೇಪಿನ ‘ಸುಯ್’ ಸದ್ದನ್ನು ಸೋಸಿ ತೆಗೆಯುತ್ತಾರೆ, ಮದ್ದಳೆಯನ್ನು ಒಂದಿಷ್ಟು ಎತ್ತಿ ಕೊಡುತ್ತಾರೆ. ಕ್ಯಾಸೆಟ್ ತಿರುವಿ ಹಾಕುವಾಗ ಹೋದ ಮಾತನ್ನು ಮಾತ್ರ ಯಾವ ಸಾಫ್ಟ್‌ವೇರೂ ತಂದುಕೊಡದು. ರಾವಣನ ಪ್ರಶ್ನೆ ಇರುತ್ತದೆ. ಎದುರಾಳಿಯ ಉತ್ತರ ಅರ್ಧದಿಂದ ಶುರುವಾಗುತ್ತದೆ. ಅಂದು ಪಕ್ಕದಲ್ಲಿ ಕೂತಿದ್ದವರ ಕ್ಯಾಸೆಟ್ ಎಲ್ಲಾದರೂ ಸಿಕ್ಕರೆ ಉಳಿದರ್ಧ ಅದರಲ್ಲಿರಬಹುದು. ಅವರದ್ದು ಸಿ-60 ಆಗಿದ್ದರೆ ಮಗ್ಗುಲು ಬೇರೆ ಕಡೆ ಮುಗಿದಿರುತ್ತದಲ್ಲ.