ಹಳೆಯ ತಂತ್ರಾಂಶಕ್ಕೆ ಹೊಸ ಜೋಡಣೆ

ಲಿಂಗಸುಗೂರಿನಿಂದ ಮಸ್ಕಿಯ ಮೂಲಕ ಸಿಂಧನೂರಿಗೆ ಸಾಗುವ ಮಾರ್ಗದಲ್ಲಿ ಭತ್ತ, ಅಕ್ಕಿ, ತೊಗರಿಯ ಲಾರಿಗಳು ಸಂಚರಿಸುತ್ತವೆ. ಇಂತಹ ಸರಕಿನ ಲೆಕ್ಕ ಹಲವು ತಂತ್ರಾಂಶಗಳಲ್ಲಿ ಹಂಚಿಹೋಗುವುದುಂಟು. ಖಾತೆಗಳು ಡಾಸ್ ಕಾಲದ ಫಾಕ್ಸ್‌ಪ್ರೊದಲ್ಲಿ, ವೇಬ್ರಿಡ್ಜ್ ತೂಕ ವಿಂಡೋಸ್‌ನಲ್ಲಿ, ತೆರಿಗೆಯ ವಿವರ ಸರ್ಕಾರದ ಪೋರ್ಟಲ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಅಂಕಿಗಳನ್ನು ಕೈಯಿಂದ ನಕಲು ಮಾಡುವಾಗ ಒಂದು ಸೊನ್ನೆ ತಪ್ಪಿದರೂ ನಷ್ಟ ವರ್ತಕರದೇ. ಹಾಗೆಂದು ಹಳೆಯದನ್ನೆಲ್ಲ ಕಿತ್ತೊಗೆಯಬೇಕಾಗಿಲ್ಲ. ಸರಿಯಾದ ಜಾಗದಲ್ಲಿ ಜೋಡಿಸಿದರೆ ಸಾಕಾಗುವ ಸಂದರ್ಭಗಳೇ ಹೆಚ್ಚು.

ಇ-ವೇ ಬಿಲ್ ವ್ಯವಸ್ಥೆಯನ್ನು 2017ರ ಸೆಪ್ಟೆಂಬರ್‌ನಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ತೆರಿಗೆಗೊಳಪಡುವ ಸರಕನ್ನು ನೋಂದಾಯಿತ ವರ್ತಕರಿಗೆ ಮಾರಿದಾಗ ಇ-ಇನ್‌ವಾಯ್ಸ್ ನೀಡುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಇವೆರಡಕ್ಕೂ ವಿವರಗಳನ್ನು ‘ಜೇಸನ್’ ಎಂಬ ನಿಗದಿತ ನಮೂನೆಯಲ್ಲಿ ಸಲ್ಲಿಸಬಹುದು. ಹುಂಡಿ ಹಿಡಿದು ಬಂದವರ ಕಿರ್ದಿ ಯಾವ ಲಿಪಿಯಲ್ಲಿದೆ ಎಂದು ಹಿಂದಿನ ಸಾಹುಕಾರರು ಕೇಳುತ್ತಿರಲಿಲ್ಲ. ಹುಂಡಿ ಕ್ರಮಬದ್ಧವಾಗಿದ್ದರೆ ಸಾಕಿತ್ತು. ಅಂತೆಯೇ ಕಡತವನ್ನು ಯಾವ ಪ್ರೋಗ್ರಾಮಿಂಗ್ ಭಾಷೆ ಸಿದ್ಧಪಡಿಸಿತೆಂದು ಪೋರ್ಟಲ್ ನೋಡುವುದಿಲ್ಲ.

ಜೋಡಣೆಗೆ ಎರಡು ಮಾರ್ಗಗಳಿವೆ. ಮೊದಲನೆಯದು, ಒಂದು ಭಾಷೆಯ ಪ್ರೋಗ್ರಾಂನೊಳಗೆ ಮತ್ತೊಂದು ಭಾಷೆಯ ಸಿದ್ಧ ಭಾಗವನ್ನು ಸೇರಿಸುವುದು. ಇದು ವೇಗವಾದರೂ ನಾಜೂಕಿನದು. ವಿಂಡೋಸ್‌ಗಾಗಿ ಸಿದ್ಧವಾದ ಭಾಗ ಲಿನಕ್ಸ್‌ನಲ್ಲಿ ನೇರವಾಗಿ ನಡೆಯದು. 32 ಬಿಟ್‌ನ ಭಾಗ 64 ಬಿಟ್‌ನ ಪ್ರೋಗ್ರಾಂನೊಳಗೆ ಸೇರದು. ಒಂದು ಕೆಟ್ಟರೆ ಎರಡೂ ನಿಲ್ಲಬಹುದು. ಎರಡನೆಯದು, ಪ್ರೋಗ್ರಾಂಗಳನ್ನು ಬೇರೆಬೇರೆಯಾಗಿಯೇ ಇಟ್ಟು, ಒಪ್ಪಿದ ನಮೂನೆಯ ಕಡತದ ಮೂಲಕ ಮಾತನಾಡಿಸುವುದು. ಫಾಕ್ಸ್‌ಪ್ರೊದ ಡಿಬಿಎಫ್ ಕಡತವನ್ನು ಪೈಥಾನ್‌ನಲ್ಲಿ ಬರೆದ ಚಿಕ್ಕ ಪ್ರೋಗ್ರಾಂ ಓದಿ, ಪೋರ್ಟಲ್ಲಿನ ನಮೂನೆಗೆ ಇಳಿಸಬಲ್ಲದು. ಸಣ್ಣ ಉದ್ದಿಮೆಗಳಿಗೆ ಈ ಮಾರ್ಗವೇ ಕ್ಷೇಮಕರ.

ಆದರೂ ಎಚ್ಚರಿಕೆ ಅಗತ್ಯ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ದಾಖಲಾದ ರೈತರ ಹೆಸರುಗಳನ್ನು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ಹೊಸ ಪ್ರೋಗ್ರಾಂನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಕಡತದ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆಬೇರೆಯಾಗಿ ಎಣಿಸುತ್ತದೆ. ಒಂದೆಡೆ ಕ್ವಿಂಟಲ್, ಇನ್ನೊಂದೆಡೆ ಕಿಲೋ ಇದ್ದರೆ ಲೆಕ್ಕ ನೂರು ಪಟ್ಟು ತಪ್ಪುತ್ತದೆ.

ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್‌ನ ಬೆಂಬಲ 2015ರ ಜನವರಿಯಲ್ಲೇ ಮುಗಿದಿದೆ. ಡಾಸ್‌ನ 16 ಬಿಟ್ ಪ್ರೋಗ್ರಾಂಗಳು 64 ಬಿಟ್‌ನ ವಿಂಡೋಸ್‌ನಲ್ಲಿ ನೇರವಾಗಿ ನಡೆಯವು. ಆದ್ದರಿಂದ ಜೋಡಣೆಯು ಶಾಶ್ವತ ಪರಿಹಾರವಲ್ಲ. ಹಂತಹಂತವಾಗಿ ಬದಲಾಗಲು ದೊರೆಯುವ ಕಾಲಾವಕಾಶ. ಕೆಲಸ ಒಪ್ಪಿಸುವ ಮುನ್ನ ಕಡತದ ನಮೂನೆಯ ಲಿಖಿತ ವಿವರ ಹಾಗೂ ಪ್ರೋಗ್ರಾಂನ ಮೂಲ ಪ್ರತಿ ತಮಗೆ ಸಿಗಬೇಕೆಂದು ವರ್ತಕರು ಕರಾರು ಮಾಡಿಕೊಳ್ಳಬೇಕು. ಖಾತೆಗಳ ನಕಲನ್ನು ಬೇರೆಡೆ ತೆಗೆದಿರಿಸಿ, ಒಂದು ತಿಂಗಳು ಹಳೆಯ ಮತ್ತು ಹೊಸ ಲೆಕ್ಕಗಳನ್ನು ಜೊತೆಯಲ್ಲೇ ನಡೆಸಿ ತಾಳೆ ನೋಡುವುದು ಲೇಸು.