ಮೆಟ್ರೊ ಹೋಲಿಕೆ ಸಾಲದೇ ಹೋದಾಗ

ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನನ್ನ ಬೋಧನಾಭ್ಯಾಸ. ಶಬ್ದದ ಅಧ್ಯಾಯ ಮುಗಿದಿತ್ತು. ಒಂದೇ ತಂತಿಯಲ್ಲಿ ಹಲವರ ಫೋನ್ ಮಾತು ಹೇಗೆ ಸಾಗುತ್ತದೆ ಎಂಬುದನ್ನು ಹೆಚ್ಚುವರಿ ಪಾಠವಾಗಿ ಆರಿಸಿಕೊಂಡೆ.

ಉದಾಹರಣೆ ಹತ್ತಿರದಲ್ಲೇ ಇತ್ತು: ನೇರಳೆ ಮಾರ್ಗದ ಮೆಟ್ರೊ. ಚಲ್ಲಘಟ್ಟದ ಕಡೆಗೆ ಹಳಿ ಒಂದೇ, ರೈಲುಗಳು ಸರದಿಯಲ್ಲಿ ಬರುತ್ತವೆ. ಡಿಜಿಟಲ್ ದೂರವಾಣಿಯಲ್ಲೂ ಸರದಿಯೇ. ಪ್ರತಿಯೊಬ್ಬರ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಎರಡು ಅಳತೆಗಳ ನಡುವಿನ 125 ಮೈಕ್ರೊಸೆಕೆಂಡನ್ನು 32 ಪಾಲು ಮಾಡಿದರೆ 30 ಪಾಲು ಮಾತಿಗೆ, ಒಂದು ಸಮಯ ಹೊಂದಿಸಲು, ಇನ್ನೊಂದು ಕರೆಗಳ ನಿಯಂತ್ರಣಕ್ಕೆ. ಮಕ್ಕಳೇ ಗುಣಿಸಿದರು: ಸೆಕೆಂಡಿಗೆ 20,48,000 ಬಿಟ್. ಇದೇ ಕಾಲ ಹಂಚಿಕೆಯ ಮಲ್ಟಿಪ್ಲೆಕ್ಸಿಂಗ್. ಇಲ್ಲಿಯವರೆಗೆ ಪಾಠ ಸರಾಗವಾಗಿತ್ತು.

ಬಿಟ್‌ಗಳು ಪಲ್ಸ್‌ಗಳಾಗಿ ಹೋಗುತ್ತವೆ ಎಂದು ಚಿತ್ರ ಬರೆದೆ. ಅಂಚು ಚೂಪಾಗಿರುವ ಚೌಕ ಪಲ್ಸ್‌ಗೆ ಬಹಳ ಅಗಲವಾದ ಆವೃತ್ತಿ ಪಟ್ಟಿ ಬೇಕು. ರೇಡಿಯೊದಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಪಟ್ಟಿ ಕಿರಿದಾದರೆ ಪಲ್ಸ್ ಕಾಲದಲ್ಲಿ ಹರಡಿ ಪಕ್ಕದ್ದರ ಮೇಲೆ ಬೀಳುತ್ತದೆ.

"ಮಿಸ್, ರೈಲಿನ ಮೇಲೆ ರೈಲು ಬಂದ್ರೆ ಆಕ್ಸಿಡೆಂಟ್ ಅಲ್ವಾ?" ಎಂದಳು ಹಿಂದಿನ ಬೆಂಚಿನ ಹುಡುಗಿ.

ನನ್ನ ಪಾಠ ಯೋಜನೆಯಲ್ಲಿ "ಒಂದರ ಮೇಲೊಂದು ಬೀಳದಂತೆ ಪಲ್ಸ್‌ಗೆ ಆಕಾರ ಕೊಡುತ್ತಾರೆ" ಎಂದಿತ್ತು. ಅದನ್ನೇ ಓದಿ ಹೇಳಿದೆ. ಗಂಟೆ ಹೊಡೆಯಿತು. ಮನೆಗೆ ಬಂದು ಪುಸ್ತಕ ತೆರೆದಾಗಲೇ ಗೊತ್ತಾಗಿದ್ದು, ನಾನು ಹೇಳಿದ್ದು ತಪ್ಪು. ಪಲ್ಸ್‌ಗಳು ಬೀಳುತ್ತವೆ, ಬೀಳಲಿ.

ಮರುದಿನ ಹಲಗೆಯ ಮೇಲೆ ಗ್ರಾಫ್ ಹಾಕಿದೆ. 1928ರಲ್ಲಿ ನೈಕ್ವಿಸ್ಟ್ ತೋರಿಸಿದ ಉಪಾಯವಿದು: ಪಲ್ಸ್ ತನ್ನ ಕ್ಷಣದಲ್ಲಿ 1, ಅಕ್ಕಪಕ್ಕದ ಪಲ್ಸ್‌ಗಳ ಕ್ಷಣಗಳಲ್ಲಿ ಸರಿಯಾಗಿ 0. ನಡುವೆ ಏನಾದರೂ ಇರಲಿ. ಆ ಗ್ರಾಫಿನಲ್ಲಿ ಎರಡು ಕ್ಷಣಗಳ ನಟ್ಟನಡುವೆ ಬೆಲೆ ಸುಮಾರು 0.64. ಎರಡು ಪಲ್ಸ್ ಕೂಡಿಸಿದರೆ ಅಲ್ಲಿ 1.28, ಅದಕ್ಕೆ ಅರ್ಥವಿಲ್ಲ. ತನ್ನ ಕ್ಷಣದಲ್ಲಿ 1+0, ಅಂದರೆ 1. ಗ್ರಾಹಕ ಯಂತ್ರ ನೋಡುವುದು ಆ ಕ್ಷಣವನ್ನು ಮಾತ್ರ.

"ಅದರ ಗಡಿಯಾರ ತಪ್ಪಿದ್ರೆ?" ಮತ್ತೆ ಅವಳೇ.

ತಪ್ಪಿದರೆ ಕಷ್ಟವೇ. ಈ ಪಲ್ಸ್‌ನ ಬಾಲ ಉದ್ದ. ಸ್ವಲ್ಪ ಆಚೀಚೆ ನೋಡಿದರೂ ಎಷ್ಟೋ ಪಲ್ಸ್‌ಗಳ ಬಾಲಗಳು ಸೇರಿಕೊಳ್ಳುತ್ತವೆ. ಅದಕ್ಕೇ ರೇಸ್ಡ್ ಕೊಸೈನ್ ಆಕಾರ ಬಳಸುತ್ತಾರೆ. ಆವೃತ್ತಿ ಪಟ್ಟಿಯನ್ನು ಉದಾಹರಣೆಗೆ ಶೇ. 25ರಷ್ಟು ಹೆಚ್ಚಿಸಿಕೊಂಡರೆ ಬಾಲ ಬೇಗ ಅಡಗುತ್ತದೆ, ಗಡಿಯಾರದ ಸಣ್ಣ ತಪ್ಪನ್ನು ತಡೆದುಕೊಳ್ಳಬಹುದು.

ಮೆಟ್ರೊವನ್ನು ಸರದಿ ವಿವರಿಸಲು ಉಳಿಸಿಕೊಂಡಿದ್ದೇನೆ. ಆ ತಪ್ಪು ವಾಕ್ಯದ ಮೇಲೆ ಗ್ರಾಫ್ ಹಾಳೆ ಅಂಟಿಸಿದ್ದೇನೆ.