ಎರೆ ನೆಲದಲ್ಲಿ ಪಾಯ ಹಾಕುವ ಮೊದಲು

ಗದಗ, ನವಲಗುಂದ, ವಿಜಯಪುರದ ಕಡೆ ಹೊಸ ಮನೆಯ ಗೋಡೆ ಬಿರುಕು ಬಿಟ್ಟರೆ ಮೊದಲು ಬೈಸಿಕೊಳ್ಳುವವನು ಗೌಂಡಿ, ಆಮೇಲೆ ಸಿಮೆಂಟು. ಬಹಳ ಸಲ ಇಬ್ಬರದೂ ತಪ್ಪಿರುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹತ್ತಿದ ಬಿರುಕು, ಮಳೆಗಾಲದಲ್ಲಿ ಬಿಗಿದು ಬೇಸಿಗೆಯಲ್ಲಿ ಸಡಿಲವಾಗುವ ಬಾಗಿಲು ಸಾಮಾನ್ಯವಾಗಿ ಪಾಯದ ಕೆಳಗಿನ ಎರೆಮಣ್ಣಿನ ಕೆಲಸ.

ದಖ್ಖನ್ನಿನ ಬಸಾಲ್ಟ್ ಶಿಲೆ ಶಿಥಿಲವಾಗಿ ಹುಟ್ಟಿದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳ. ಅದರ ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೋಮೀಟರ್. ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ. ಉಬ್ಬಲು ಬಿಡದಿದ್ದರೆ ಚದರ ಮೀಟರಿಗೆ 20 ಟನ್ ಮೀರಿದ ಒತ್ತಡವೂ ಏಳಬಹುದು. ಒಂದಂತಸ್ತಿನ ಮನೆಯ ಭಾರಕ್ಕೆ ಅದನ್ನು ಅದುಮಿಡುವ ತಾಕತ್ತಿಲ್ಲ. ಹಾಗಾಗಿ ಇಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಸಣ್ಣ ಮನೆ, ಕಾಂಪೌಂಡು, ಗೋದಾಮಿನ ನೆಲಹಾಸು. ಕಾಂಕ್ರೀಟಿನ ದರ್ಜೆ ಏರಿಸಿದರೆ ಸಾಕೆಂಬ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ.

ಮೊದಲು ಮಣ್ಣಿನ ಪರೀಕ್ಷೆ ಆಗಲಿ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆಯ ಜಾಡಿಗಳಿಗೆ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬದೆ ತಳದಲ್ಲಿ ಕೂರುತ್ತದೆ. ನೀರಿನಲ್ಲಿರುವುದು ಅದರ ಎರಡರಷ್ಟು ಎತ್ತರಕ್ಕೆ ನಿಂತರೆ ಉಬ್ಬುವಿಕೆ ಶೇ 100. ಅಂಥ ನಿವೇಶನದಲ್ಲಿ ಮಾಮೂಲಿ ಪಾಯ ಬೇಡ.

ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದು ಮೇಲಿನ ಸುಮಾರು 3.5 ಮೀಟರ್ ಮಣ್ಣು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಅದನ್ನು ದಾಟಿ ಇಳಿಯುತ್ತದೆ. ಬುಡದ ಹತ್ತಿರ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುವುದರಿಂದ ಮೇಲಿನ ಮಣ್ಣು ಎಳೆದರೂ ಕಿತ್ತು ಬರುವುದಿಲ್ಲ. ಪೈಲ್‌ಗಳನ್ನು ಕೂಡಿಸುವ ತೊಲೆಯ ಕೆಳಗೆ ಮಣ್ಣು ಉಬ್ಬಲು ಸಂದು ಬಿಡಬೇಕು. ಅದನ್ನು ‘ಖಾಲಿ ಯಾಕೆ’ ಎಂದು ಮಣ್ಣು ತುಂಬಿ ದಮ್ಮಸು ಮಾಡುವವರೇ ಹೆಚ್ಚು!

ಪೈಲ್ ಗೋಡೆಯನ್ನು ಕಾಪಾಡೀತು, ನೆಲಹಾಸನ್ನಲ್ಲ. ಅಂಗಡಿ, ಗೋದಾಮುಗಳಲ್ಲಿ ನೆಲಹಾಸನ್ನು ಕಂಬಗಳಿಂದ ಬೇರ್ಪಡಿಸಿ ಹಾಕುವುದು ಲೇಸು. ಅದರಡಿ ಬರೀ ಮರಳು ತುಂಬಿದರೆ ನೀರು ಸಲೀಸಾಗಿ ಎರೆಮಣ್ಣಿಗೆ ಇಳಿಯುತ್ತದೆ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ತೋರಿಸಿದ ದಾರಿ ಬೇರೆ: ಅಂಟಿದ್ದರೂ ಉಬ್ಬದ ಗರಸಿನಂಥ ಮಣ್ಣನ್ನು ಬಿಗಿಯಾಗಿ ಹಾಸುವುದು. ಕಾಲುವೆಗಳಲ್ಲಿ ಈ ಹಾಸು ಮುಕ್ಕಾಲು ಮೀಟರಿನಿಂದ ಒಂದು ಮೀಟರಿನವರೆಗೂ ಇರುತ್ತದೆ.

ಉಳಿದದ್ದು ನೀರಿನ ವ್ಯವಸ್ಥೆ. ಇಡೀ ನೆಲ ಸಮನಾಗಿ ಉಬ್ಬಿದರೆ ಮನೆ ತಾಳೀತು. ಬಚ್ಚಲ ನೀರು ಒಂದೇ ಕಡೆ ಇಂಗಿದರೆ ಆ ಮೂಲೆಯಷ್ಟೇ ಏಳುತ್ತದೆ. ಸುತ್ತ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಹಾಕಿ, ಕೊಳವೆಗಳಿಗೆ ಅಲುಗಾಡಿದರೂ ಸೋರದ ಜೋಡಣೆ ಕೊಡಿಸಿ. ಬೇವಿನ ಗಿಡ ಗೋಡೆಯಿಂದ ದೂರವಿರಲಿ, ಅದರ ಬೇರು ಒಂದೇ ಕಡೆಯ ತೇವ ಹೀರುತ್ತದೆ.